ಸ್ನೂಕರ್ ರ‍್ಯಾಂಕಿಂಗ್ ಎಂಬ ಎರಡು ವರ್ಷದ ಕಿರ್ದಿ: 2024–25ರ ಋತುವನ್ನು ಓದುವ ಬಗೆ

2025ರ ಮೇ ತಿಂಗಳಿನಲ್ಲಿ ವೃತ್ತಿಪರ ಸ್ನೂಕರ್‌ನ ಋತು ಮುಗಿದಾಗ ವಿಶ್ವ ಚಾಂಪಿಯನ್ ಆಗಿದ್ದವರು ಚೀನಾದ ಝಾವೊ ಕ್ಸಿಂಟಾಂಗ್. ಆ ಋತುವಿನಲ್ಲಿ ನಾಲ್ಕು ರ‍್ಯಾಂಕಿಂಗ್ ಟೂರ್ನಿಗಳನ್ನು ಗೆದ್ದವರು ಇಂಗ್ಲೆಂಡಿನ ಕೈರೆನ್ ವಿಲ್ಸನ್. ಆದರೆ ರ‍್ಯಾಂಕಿಂಗ್ ಪಟ್ಟಿಯ ಒಂದನೇ ಸ್ಥಾನದಲ್ಲಿ ಇದ್ದವರು ಇವರಿಬ್ಬರೂ ಅಲ್ಲ, ಜಡ್ ಟ್ರಂಪ್. ಹೊಸದಾಗಿ ಈ ಆಟವನ್ನು ಹಿಂಬಾಲಿಸುವವರು ಸಾಮಾನ್ಯವಾಗಿ ಎಡವುವುದು ಇಲ್ಲಿಯೇ. ರ‍್ಯಾಂಕಿಂಗ್ ಎಂದರೆ ಯಾರು ಉತ್ತಮ ಆಟಗಾರ ಎಂಬ ತೀರ್ಪು ಎಂದುಕೊಂಡರೆ ಈ ಮೂರು ಸಂಗತಿಗಳು ಒಂದಕ್ಕೊಂದು ಹೊಂದುವುದಿಲ್ಲ. ಅದು ಎರಡು ವರ್ಷಗಳ ಗಳಿಕೆಯನ್ನು ಬರೆದಿಡುವ ಕಿರ್ದಿ ಪುಸ್ತಕ ಎಂದು ತಿಳಿದರೆ ಹೊಂದುತ್ತವೆ.

ಮೊದಲು ಪದಗಳ ವಿಷಯ. ನಮ್ಮ ಪತ್ರಿಕೆಗಳು ‘ಶ್ರೇಯಾಂಕ’ ಎಂಬ ಒಂದೇ ಮಾತನ್ನು ವಿಶ್ವ ಪಟ್ಟಿಯ ಸ್ಥಾನಕ್ಕೂ ಟೂರ್ನಿಯ ಡ್ರಾದಲ್ಲಿ (ಯಾರು ಯಾರ ಎದುರು ಆಡಬೇಕೆಂಬ ಪಟ್ಟಿಯಲ್ಲಿ) ಕೊಡುವ ಸ್ಥಾನಕ್ಕೂ ಬಳಸುವುದರಿಂದ ಗೊಂದಲ ಹೆಚ್ಚುತ್ತದೆ. ಈ ಟಿಪ್ಪಣಿಯಲ್ಲಿ ವಿಶ್ವ ಪಟ್ಟಿಯನ್ನು ರ‍್ಯಾಂಕಿಂಗ್ ಎಂದೂ, ಡ್ರಾದ ಸ್ಥಾನವನ್ನು ಶ್ರೇಯಾಂಕ ಎಂದೂ ಕರೆದಿದ್ದೇನೆ.

ರ‍್ಯಾಂಕಿಂಗ್ ಆರಂಭವಾದದ್ದು 1976ರಲ್ಲಿ. ಹಿಂದಿನ ಮೂರು ವಿಶ್ವ ಚಾಂಪಿಯನ್‌ಷಿಪ್‌ಗಳ ಫಲಿತಾಂಶವನ್ನಷ್ಟೇ ಲೆಕ್ಕ ಹಾಕಿದ ಆ ಮೊದಲ ಪಟ್ಟಿಯಲ್ಲಿ ವೇಲ್ಸ್‌ನ ರೇ ರಿಯರ್ಡನ್ ಅಗ್ರಸ್ಥಾನ ಪಡೆದಿದ್ದರು. ಆಮೇಲೆ ಬಹುಕಾಲ ಅಂಕ ಪದ್ಧತಿ ನಡೆಯಿತು. 2014–15ರ ಋತುವಿನಿಂದ ಅಂಕದ ಬದಲು ಬಹುಮಾನದ ಹಣವನ್ನೇ ಎಣಿಸಲಾಗುತ್ತಿದೆ: ಒಂದು ಪೌಂಡ್ ಗೆದ್ದರೆ ಒಂದು ಅಂಕ. ರ‍್ಯಾಂಕಿಂಗ್ ಟೂರ್ನಿಯೊಂದು ಮುಗಿದಾಗ ಅದರ ಹಣ ಆಟಗಾರನ ಖಾತೆಗೆ ಜಮೆಯಾಗುತ್ತದೆ. ಎರಡು ವರ್ಷಗಳ ಹಿಂದೆ ಅದೇ ಟೂರ್ನಿಯಲ್ಲಿ ಗಳಿಸಿದ್ದು ವಜಾ ಆಗುತ್ತದೆ. ಪಟ್ಟಿಯನ್ನು ಓದುವಾಗ ಜಮೆಯ ಕಡೆಗೆ ಎಲ್ಲರ ಕಣ್ಣು ಹೋಗುತ್ತದೆ, ವಜಾ ಆಗುವುದನ್ನು ಯಾರೂ ಗಮನಿಸುವುದಿಲ್ಲ. ಪಟ್ಟಿಯ ಅರ್ಧ ಕಥೆ ಇರುವುದು ಆ ವಜಾ ಕಾಲಮಿನಲ್ಲಿ.

ಆಸ್ಟ್ರೇಲಿಯಾದ ನೀಲ್ ರಾಬರ್ಟ್‌ಸನ್ ಅವರ ಉದಾಹರಣೆಯನ್ನು ನೋಡೋಣ. 2010ರ ವಿಶ್ವ ಚಾಂಪಿಯನ್ ಆದ ಇವರು 2022ರಲ್ಲಿ ಪ್ಲೇಯರ್ಸ್ ಚಾಂಪಿಯನ್‌ಷಿಪ್ ಮತ್ತು ಟೂರ್ ಚಾಂಪಿಯನ್‌ಷಿಪ್ ಎರಡನ್ನೂ ಗೆದ್ದಿದ್ದರು. ಮುಂದಿನ ಎರಡು ವರ್ಷಗಳಲ್ಲಿ ಅಷ್ಟು ದೊಡ್ಡ ಜಮೆಗಳು ಬರಲಿಲ್ಲ. 2024ರ ವಸಂತದಲ್ಲಿ ಹಳೆಯ ಗಳಿಕೆ ಒಂದೊಂದಾಗಿ ಕಳಚಿಕೊಂಡಿತು. ರಾಬರ್ಟ್‌ಸನ್ ಮೊದಲ 16ರಿಂದ ಹೊರಬಿದ್ದು, ವಿಶ್ವ ಚಾಂಪಿಯನ್‌ಷಿಪ್‌ನ ಅರ್ಹತಾ ಸುತ್ತಿನಲ್ಲಿ ಜೇಮಿ ಜೋನ್ಸ್ ವಿರುದ್ಧ 9–10 ಫ್ರೇಮ್‌ಗಳಿಂದ (ಪಂದ್ಯದೊಳಗಿನ ಒಂದೊಂದು ಆಟವೇ ಫ್ರೇಮ್) ಸೋತು, ಮುಖ್ಯ ಹಂತ ನಡೆಯುವ ಶೆಫೀಲ್ಡ್‌ನ ಕ್ರೂಸಿಬಲ್ ಥಿಯೇಟರ್‌ನ ಬಾಗಿಲನ್ನೇ ದಾಟಲಾಗಲಿಲ್ಲ. ಅವರ ಆಟ ಒಂದೇ ವಾರದಲ್ಲಿ ಕೆಟ್ಟಿತೆಂದು ಇದರ ಅರ್ಥವಲ್ಲ. ಎರಡು ವರ್ಷಗಳ ಹಿಂದಿನ ಒಳ್ಳೆಯ ವಾರಗಳು ಪುಸ್ತಕದಿಂದ ಅಳಿಸಿಹೋದವು, ಅಷ್ಟೆ.

ಮೊದಲ 16ರ ಗೆರೆ ಏಕೆ ಅಷ್ಟು ಮುಖ್ಯವೆಂದರೆ, ವಿಶ್ವ ಚಾಂಪಿಯನ್‌ಷಿಪ್‌ನ ಮುಖ್ಯ ಹಂತದಲ್ಲಿ ಆಡುವ 32 ಮಂದಿಯಲ್ಲಿ ಶ್ರೇಯಾಂಕ ಪಡೆದ 16 ಮಂದಿಗೆ ನೇರ ಪ್ರವೇಶ ದೊರೆಯುತ್ತದೆ, ಉಳಿದ 16 ಮಂದಿ ಅರ್ಹತಾ ಸುತ್ತುಗಳನ್ನು ಗೆದ್ದೇ ಬರಬೇಕು. ಜನವರಿಯಲ್ಲಿ ಲಂಡನ್ನಿನಲ್ಲಿ ನಡೆಯುವ ಮಾಸ್ಟರ್ಸ್‌ಗೂ ಮೊದಲ 16 ಮಂದಿಗೇ ಆಹ್ವಾನ. ಆದರೆ ಮಾಸ್ಟರ್ಸ್ ಆಹ್ವಾನಿತರ ಟೂರ್ನಿಯಾದ್ದರಿಂದ ಅಲ್ಲಿನ ಹಣ ರ‍್ಯಾಂಕಿಂಗ್‌ಗೆ ಸೇರುವುದಿಲ್ಲ. 2025ರಲ್ಲಿ ಶಾನ್ ಮರ್ಫಿ ಫೈನಲ್‌ನಲ್ಲಿ ವಿಲ್ಸನ್ ಅವರನ್ನು 10–7ರಿಂದ ಸೋಲಿಸಿ ಮೂರೂವರೆ ಲಕ್ಷ ಪೌಂಡ್ ಮನೆಗೆ ಒಯ್ದರು. ಅವರ ರ‍್ಯಾಂಕಿಂಗ್ ಖಾತೆಗೆ ಬಂದದ್ದು ಸೊನ್ನೆ. ಅದೇ ಋತುವಿನ ಆರಂಭದಲ್ಲಿ ಟ್ರಂಪ್ ಗೆದ್ದ ಶಾಂಘೈ ಮಾಸ್ಟರ್ಸ್ ಕೂಡ ಲೆಕ್ಕಕ್ಕಿಲ್ಲ.

ಈಗ ಟ್ರಂಪ್ ಮತ್ತು ವಿಲ್ಸನ್ ಅವರ ಹೋಲಿಕೆಗೆ ಬರೋಣ. ವಿಲ್ಸನ್ ಆ ಋತುವಿನಲ್ಲಿ ಗೆದ್ದದ್ದು ಷಿಯಾನ್ ಗ್ರ್ಯಾನ್ ಪ್ರೀ, ನಾರ್ದರ್ನ್ ಐರ್ಲೆಂಡ್ ಓಪನ್, ಜರ್ಮನ್ ಮಾಸ್ಟರ್ಸ್ ಮತ್ತು ಪ್ಲೇಯರ್ಸ್ ಚಾಂಪಿಯನ್‌ಷಿಪ್. ಈ ನಾಲ್ಕರ ಪೈಕಿ ಮೂರು ಫೈನಲ್‌ಗಳಲ್ಲಿ ಸೋತವರು ಸ್ವತಃ ಟ್ರಂಪ್. ಟ್ರಂಪ್ ಗೆದ್ದ ರ‍್ಯಾಂಕಿಂಗ್ ಟೂರ್ನಿಗಳು ಎರಡೇ: ಮಾರ್ಕ್ ವಿಲಿಯಮ್ಸ್ ಅವರನ್ನು 10–9ರಿಂದ ಮಣಿಸಿದ ಸೌದಿ ಅರೇಬಿಯಾ ಮಾಸ್ಟರ್ಸ್, ಮತ್ತು ಯಾರ್ಕ್‌ನಲ್ಲಿ ಬ್ಯಾರಿ ಹಾಕಿನ್ಸ್ ಅವರನ್ನು 10–8ರಿಂದ ಸೋಲಿಸಿದ ಯುಕೆ ಚಾಂಪಿಯನ್‌ಷಿಪ್. ಮೊದಲನೆಯದಕ್ಕೆ 5 ಲಕ್ಷ ಪೌಂಡ್, ಎರಡನೆಯದಕ್ಕೆ 2.5 ಲಕ್ಷ. ವಿಲ್ಸನ್ ಅವರ ನಾಲ್ಕು ಪ್ರಶಸ್ತಿಗಳ ಮೊತ್ತವನ್ನು ಕೂಡಿಸಿದರೂ ಈ ಏಳೂವರೆ ಲಕ್ಷವನ್ನು ಮುಟ್ಟುವುದಿಲ್ಲ. ಜೊತೆಗೆ, 2023–24ರಲ್ಲಿ ಗೆದ್ದ ಐದು ಪ್ರಶಸ್ತಿಗಳ ಜಮೆಯೂ ಟ್ರಂಪ್ ಅವರ ಖಾತೆಯಲ್ಲಿ ಇನ್ನೂ ಉಳಿದಿತ್ತು. ಪ್ರಶಸ್ತಿಗಳನ್ನು ಎಣಿಸಬೇಡಿ, ಅವುಗಳ ತೂಕ ನೋಡಿ ಎಂದು ನಾನು ನನ್ನ ಪುಸ್ತಕದ ಅಂಚಿನಲ್ಲಿ ಬರೆದುಕೊಂಡದ್ದು ಈ ಲೆಕ್ಕ ಮಾಡಿದ ಮೇಲೆಯೇ. ಈ ಪದ್ಧತಿ ನ್ಯಾಯವೇ ಎಂಬುದು ಬೇರೆ ಪ್ರಶ್ನೆ. ಕೌಶಲ ಒಂದೇ ಆಗಿದ್ದರೂ ಪ್ರಾಯೋಜಕರ ಕೈ ಎಷ್ಟು ಧಾರಾಳವಾಗಿದೆ ಎಂಬುದರ ಮೇಲೆ ಸ್ಥಾನ ನಿರ್ಧಾರವಾಗುವುದು ನನಗಂತೂ ಪೂರ್ತಿ ಒಪ್ಪಿಗೆಯಾಗಿಲ್ಲ.

ಎರಡು ವರ್ಷದ ಪಟ್ಟಿಯ ಪಕ್ಕದಲ್ಲಿ ಒಂದೇ ಋತುವಿನ ಗಳಿಕೆಯ ಪಟ್ಟಿಯೂ ಇರುತ್ತದೆ. 2024–25ರಲ್ಲಿ ವರ್ಲ್ಡ್ ಗ್ರ್ಯಾನ್ ಪ್ರೀಗೆ 32, ಪ್ಲೇಯರ್ಸ್ ಚಾಂಪಿಯನ್‌ಷಿಪ್‌ಗೆ 16, ಟೂರ್ ಚಾಂಪಿಯನ್‌ಷಿಪ್‌ಗೆ 12 ಮಂದಿಯನ್ನು ಆಯ್ದದ್ದು ಆ ಪಟ್ಟಿಯಿಂದ.

ಹಲವರು ತಪ್ಪು ಮಾಡುವ ಒಂದು ನಿಯಮವನ್ನು ಇಲ್ಲಿ ಬಿಡಿಸಿ ಹೇಳಬೇಕು. ಕ್ರೂಸಿಬಲ್‌ನಲ್ಲಿ ಮೊದಲ ಸುತ್ತಿನಲ್ಲಿ ಸೋತವರಿಗೆ 20,000 ಪೌಂಡ್ ಸಿಗುತ್ತದೆ. ಅರ್ಹತಾ ಸುತ್ತಿನಿಂದ ಬಂದ ವೃತ್ತಿಪರನಿಗೆ ಅದು ರ‍್ಯಾಂಕಿಂಗ್‌ನಲ್ಲಿ ಸೇರುತ್ತದೆ. ನೇರ ಪ್ರವೇಶ ಪಡೆದ ಶ್ರೇಯಾಂಕಿತನಿಗೆ ಹಣ ಸಿಕ್ಕರೂ ಖಾತೆಯಲ್ಲಿ ಸೊನ್ನೆ ಬೀಳುತ್ತದೆ, ಏಕೆಂದರೆ ಅವನು ಒಂದು ಪಂದ್ಯವನ್ನೂ ಗೆದ್ದಿಲ್ಲ. ಹಾಲಿ ಚಾಂಪಿಯನ್ ಆಗಿ 2025ರಲ್ಲಿ ಬಂದ ವಿಲ್ಸನ್, ಲೇ ಪೈಫಾನ್ ವಿರುದ್ಧ 9–10ರಿಂದ ಸೋತು ಈ ಸೊನ್ನೆಯನ್ನು ಪಡೆದರು.

ಬೆಲ್ಜಿಯಂನ ಲೂಕಾ ಬ್ರೆಸೆಲ್ ಅವರ ಖಾತೆಯನ್ನು ಬಿಡಿಸಿ ನೋಡಿದರೆ ಇಡೀ ವ್ಯವಸ್ಥೆ ಕಣ್ಣಿಗೆ ಕಟ್ಟುತ್ತದೆ. 2023ಕ್ಕೆ ಮೊದಲು ಐದು ಬಾರಿ ಕ್ರೂಸಿಬಲ್‌ಗೆ ಬಂದು ಒಂದೂ ಪಂದ್ಯ ಗೆಲ್ಲದಿದ್ದ ಬ್ರೆಸೆಲ್, ಆ ವರ್ಷ ಕ್ವಾರ್ಟರ್‌ಫೈನಲ್‌ನಲ್ಲಿ ರಾನಿ ಒಸಲಿವನ್ ಎದುರು 6–10ರ ಹಿನ್ನಡೆಯಿಂದ ಸತತ ಏಳು ಫ್ರೇಮ್ ಗೆದ್ದರು. ಸೆಮಿಫೈನಲ್‌ನಲ್ಲಿ ಸಿ ಜಿಯಾಹುಯಿ 14–5ರಿಂದ ಮುಂದಿದ್ದರು. 17 ಫ್ರೇಮ್ ಗೆದ್ದವನೇ ವಿಜಯಿ ಎಂಬ ಪಂದ್ಯದಲ್ಲಿ ಇನ್ನು ಮೂರೇ ಮೂರು ಬಾಕಿ. ಅಲ್ಲಿಂದ ಬ್ರೆಸೆಲ್ ಸಾಲಾಗಿ 11 ಫ್ರೇಮ್ ತಮ್ಮದಾಗಿಸಿಕೊಂಡು 17–15ರಿಂದ ಗೆದ್ದು, ಫೈನಲ್‌ನಲ್ಲಿ ಮಾರ್ಕ್ ಸೆಲ್ಬಿ ಅವರನ್ನು 18–15ರಿಂದ ಸೋಲಿಸಿದರು. 5 ಲಕ್ಷ ಪೌಂಡ್ ಜಮೆಯಾಯಿತು. 10ನೇ ಸ್ಥಾನದಿಂದ 2ನೇ ಸ್ಥಾನಕ್ಕೆ ಏರಿದರು. 2024ರಲ್ಲಿ ಮೊದಲ ಸುತ್ತಿನಲ್ಲೇ ಡೇವಿಡ್ ಗಿಲ್ಬರ್ಟ್ ಎದುರು 9–10ರ ಸೋಲು, ಅಂದರೆ ಸೊನ್ನೆ. 2025ರಲ್ಲಿ ಕ್ವಾರ್ಟರ್‌ಫೈನಲ್ ತಲುಪಿ ಟ್ರಂಪ್‌ಗೆ 8–13ರಿಂದ ಮಣಿದಾಗ 50,000 ಜಮೆಯಾಯಿತು, 5 ಲಕ್ಷ ವಜಾ ಆಯಿತು. ಕ್ರೂಸಿಬಲ್‌ನಲ್ಲಿ ಕೊನೆಯ ಎಂಟರ ಹಂತದವರೆಗೆ ಆಡಿದ ವರ್ಷವೇ ಅವರು ಮೊದಲ 16ರಿಂದ ಹೊರಬಿದ್ದರು.

ಝಾವೊ ಅವರದು ಇದರ ತಲೆಕೆಳಗು. ಫಿಕ್ಸಿಂಗ್ ಪ್ರಕರಣದಲ್ಲಿ 20 ತಿಂಗಳ ನಿಷೇಧ ಮುಗಿಸಿ, ಹವ್ಯಾಸಿಯಾಗಿ, ಪಟ್ಟಿಯಲ್ಲಿ ಹೆಸರೇ ಇಲ್ಲದೆ ನಾಲ್ಕು ಅರ್ಹತಾ ಪಂದ್ಯ ಗೆದ್ದು ಬಂದ ಅವರು ಒಸಲಿವನ್ ಅವರನ್ನು 17–7ರಿಂದ, ಫೈನಲ್‌ನಲ್ಲಿ 50 ವರ್ಷದ ವಿಲಿಯಮ್ಸ್ ಅವರನ್ನು 18–12ರಿಂದ ಸೋಲಿಸಿದರು. ವೃತ್ತಿಪರರಾಗಿ ಮರಳಿದಾಗ ಆ ಒಂದೇ ಗೆಲುವಿನ 5 ಲಕ್ಷದ ಬಲದಿಂದ ನೇರವಾಗಿ 11ನೇ ಸ್ಥಾನಕ್ಕೆ ಬಂದರು.

ಕೊನೆಯದಾಗಿ, ನಮ್ಮವರು ಪದೇ ಪದೇ ಕೇಳುವ ಪ್ರಶ್ನೆ: ಇಷ್ಟೊಂದು ವಿಶ್ವ ಪ್ರಶಸ್ತಿ ಗೆದ್ದ ಬೆಂಗಳೂರಿನ ಪಂಕಜ್ ಅಡ್ವಾಣಿ ಈ ಪಟ್ಟಿಯಲ್ಲಿ ಏಕಿಲ್ಲ? ಅವರ ಬಿಲಿಯರ್ಡ್ಸ್ ಮತ್ತು ಸ್ನೂಕರ್ ಕಿರೀಟಗಳಲ್ಲಿ ಬಹುಪಾಲು ಅಂತರರಾಷ್ಟ್ರೀಯ ಫೆಡರೇಷನ್ನಿನವು. ಈ ಪುಸ್ತಕ ವೃತ್ತಿಪರ ಟೂರ್‌ನದು. 2012ರಲ್ಲಿ ಟೂರ್ ಸೇರಿದ ಅಡ್ವಾಣಿ 2013ರ ವೆಲ್ಷ್ ಓಪನ್‌ನಲ್ಲಿ ಕ್ವಾರ್ಟರ್‌ಫೈನಲ್ ತಲುಪಿದರು, 2014ರಲ್ಲಿ ಟೂರ್‌ನಲ್ಲಿ ಆಡುವ ಹಕ್ಕು ಕೊಡುವ ಕಾರ್ಡ್ ಬಿಟ್ಟುಕೊಟ್ಟರು. ಋತುವಿನ ಕೊನೆಗೆ ಮೊದಲ 64ರೊಳಗೆ ಇರುವವರ ಕಾರ್ಡ್ ಉಳಿಯುತ್ತದೆ. ಕಾರ್ಡಿನ ಎರಡು ವರ್ಷದ ಅವಧಿ ಮುಗಿದೂ ಆ ಗೆರೆಯ ಕೆಳಗಿರುವವರಲ್ಲಿ ಹೆಚ್ಚಿನವರು ಕ್ಯೂ ಸ್ಕೂಲ್ ಎಂಬ ಅರ್ಹತಾ ಟೂರ್ನಿಗೆ ಮರಳಿ, ಗೆದ್ದರೆ, ಸೊನ್ನೆಯಿಂದ ಹೊಸ ಖಾತೆ ತೆರೆಯುತ್ತಾರೆ.