ಡೆತ್ ಸರ್ಟಿಫಿಕೇಟ್ ಹಿಡಿದು ಬಂದವರಿಗೆ ಮೊದಲು ಕುರ್ಚಿ ಕೊಡಿ

ಫೋನಿನಲ್ಲೇ ದುಡ್ಡು ಕಳಿಸುವ ಕಾಲ ಬಂದಾಗ, ಇನ್ನು ಬ್ಯಾಂಕಿನವರು ಕೌಂಟರಿನಲ್ಲಿ ನೊಣ ಹೊಡೆಯುತ್ತಾ ಕೂರಬೇಕು ಅಂತ ತುಂಬಾ ಜನ ಅಂದುಕೊಂಡರು. ಹಾಗೇನೂ ಆಗಲಿಲ್ಲ. 2016ರಲ್ಲಿ ಯುಪಿಐ ಶುರುವಾದ ಮೇಲೆ ಸುಲಭದ ಕೆಲಸಗಳೆಲ್ಲ ಒಂದೊಂದಾಗಿ ಫೋನಿಗೆ ಹೋದವು. ಫೋನಿನಲ್ಲಿ ಬಗೆಹರಿಯದವು ಕೌಂಟರಿನಲ್ಲೇ ಉಳಿದವು. ಬೆರಳಚ್ಚು ಹೊಂದಿಕೆಯಾಗದ ಅಜ್ಜಿ, ಓಟಿಪಿ ಹೇಳಿ ದುಡ್ಡು ಕಳೆದುಕೊಂಡ ಮೇಷ್ಟ್ರು, ತೀರಿಹೋದ ಗಂಡನ ಖಾತೆಗೆ ಏನು ಮಾಡಬೇಕು ಅಂತ ತಿಳಿಯದೆ ಬಂದ ಹೆಂಗಸು. ಈಗ ಶಾಖೆಗೆ ಬರುವವರಲ್ಲಿ ಕಷ್ಟದಲ್ಲಿ ಇರುವವರೇ ಜಾಸ್ತಿ. ಬ್ಯಾಂಕ್ ಸಿಬ್ಬಂದಿಗೆ ತರಬೇತಿ ಕೊಡುವುದು ನನ್ನ ಕೆಲಸ. ಹೊಸ ಬ್ಯಾಚ್ ಬಂದಾಗಲೆಲ್ಲ ಮೊದಲು ಹೇಳುವುದು ಇದನ್ನೇ.

ಮರಣದ ನಂತರದ ಕ್ಲೇಮನ್ನೇ ತೆಗೆದುಕೊಳ್ಳಿ. ನಾಮಿನಿ ಇದ್ದರೆ ನಿಯಮ ಸರಳ. ಕ್ಲೇಮ್ ಫಾರ್ಮ್, ಡೆತ್ ಸರ್ಟಿಫಿಕೇಟ್, ನಾಮಿನಿಯ ಗುರುತಿನ ಚೀಟಿ ಕೊಟ್ಟರೆ ಸಾಕು. ವಾರಸುದಾರ ಪ್ರಮಾಣಪತ್ರ ಕೇಳುವ ಹಾಗಿಲ್ಲ. ಕಾಗದ ಎಲ್ಲ ಸರಿಯಾಗಿ ಕೈಸೇರಿದ 15 ದಿನದೊಳಗೆ ಕ್ಲೇಮ್ ಮುಗಿಸಬೇಕು ಅಂತ ರಿಸರ್ವ್ ಬ್ಯಾಂಕೇ ಹೇಳಿದೆ. ಆದರೂ ಜನ ಆರು ಸಲ ಅಲೆಯುತ್ತಾರೆ. ಯಾಕೆ ಅಂದರೆ ಪ್ರತಿ ಸಲವೂ ಒಂದೇ ಒಂದು ಕಾಗದ ಕೇಳುತ್ತಾರೆ. ಇವತ್ತು ಜೆರಾಕ್ಸ್, ನಾಳೆ ಫೋಟೋ, ನಾಡಿದ್ದು ‘ಆ ಮೇಡಂ ರಜೆ’.

ತಾಲ್ಲೂಕು ಕೇಂದ್ರದ ಒಂದು ಶಾಖೆಯಲ್ಲಿ ಒಬ್ಬ ಹುಡುಗಿ ಈ ಕೆಲಸ ಮಾಡುವುದನ್ನು ಪಕ್ಕದಲ್ಲೇ ಕೂತು ನೋಡಿದ್ದೇನೆ. ಕೆಲಸಕ್ಕೆ ಸೇರಿ ಜಾಸ್ತಿ ದಿನ ಆಗಿರಲಿಲ್ಲ. ನಲವತ್ತು ದಾಟಿದ ಒಬ್ಬ ಹೆಂಗಸು ಪ್ಲಾಸ್ಟಿಕ್ ಕವರಿನಲ್ಲಿ ಕಾಗದಗಳನ್ನು ತುಂಬಿಕೊಂಡು ಬಂದರು. ‘ಕೂತ್ಕೊಳ್ಳಿ ಅಮ್ಮ. ಯಾವಾಗ ಆಯ್ತು?’ ಅಂತ ಕೇಳಿದಳು. ಅಕೌಂಟ್ ನಂಬರ್ ಆಮೇಲೆ. ಆಕೆ ಹೇಳುತ್ತಿರುವಾಗ ಕಂಪ್ಯೂಟರ್ ಕಡೆ ತಿರುಗಲಿಲ್ಲ. ಮಾತು ಮುಗಿದ ಮೇಲೆ ಪಾಸ್‌ಬುಕ್ ತೆಗೆದುಕೊಂಡು ಹಾಳೆ ಹಿಂದಕ್ಕೆ ಮಗುಚುತ್ತಾ ಹೋದಳು. ಮೇ ತಿಂಗಳಲ್ಲಿ 436 ರೂಪಾಯಿ ಕಡಿತ ಆಗಿತ್ತು.

ಬ್ಯಾಂಕಿನವರಿಗೆ ಆ ಅಂಕಿ ನೋಡಿದರೆ ಸಾಕು. ಅದು ಪ್ರಧಾನ ಮಂತ್ರಿ ಜೀವನ್ ಜ್ಯೋತಿ ವಿಮೆಯ ಒಂದು ವರ್ಷದ ಕಂತು. ಸತ್ತವರ ನಾಮಿನಿಗೆ 2 ಲಕ್ಷ ಬರಬೇಕು. ಈ ವಿಮೆ ಮಾಡಿಸಿದ್ದು ಎಷ್ಟೋ ಮನೆಯವರಿಗೆ ಗೊತ್ತೇ ಇರುವುದಿಲ್ಲ. ಯಾವತ್ತೋ ಫಾರ್ಮಿಗೆ ಸಹಿ ಹಾಕಿ ಮರೆತಿರುತ್ತಾರೆ. ಆಕೆಯೂ ಬಂದಿದ್ದು ಖಾತೆಯಲ್ಲಿದ್ದ ಹನ್ನೊಂದು ಸಾವಿರಕ್ಕೆ. ಹುಡುಗಿ ಪಾಸ್‌ಬುಕ್ ತಿರುವದೆ ಕ್ಲೇಮ್ ಫಾರ್ಮ್ ಕೈಗೆ ಕೊಟ್ಟು ಕಳಿಸಿದ್ದರೂ ಯಾರೂ ಅದನ್ನು ತಪ್ಪು ಅನ್ನುತ್ತಿರಲಿಲ್ಲ. ಯಾವ ಆಡಿಟ್‌ನಲ್ಲೂ ಅದು ಬರುವುದಿಲ್ಲ. ಕಾಳಜಿ ಅಂದರೆ ಸಿಹಿಯಾಗಿ ಮಾತಾಡುವುದು ಅಂತ ನಮ್ಮಲ್ಲಿ ಒಂದು ನಂಬಿಕೆ ಇದೆ. ನನ್ನ ಪ್ರಕಾರ ಅದರಲ್ಲಿ ಮುಕ್ಕಾಲು ಪಾಲು ಅಂದರೆ ಕೆಲಸ ಚೆನ್ನಾಗಿ ಗೊತ್ತಿರುವುದು. ‘ನಿಮ್ಮ ಕರೆ ನಮಗೆ ಅಮೂಲ್ಯ’ ಅಂತ ರೆಕಾರ್ಡ್ ಮಾಡಿದ ದನಿ ಕೂಡ ಸಿಹಿಯಾಗಿಯೇ ಇರುತ್ತದೆ, ಅಲ್ವಾ?

ಅವಳು ಇನ್ನೊಂದು ಮಾತೂ ಹೇಳಿದಳು. ‘ಅವರ ಎಟಿಎಂ ಕಾರ್ಡಲ್ಲಿ ದುಡ್ಡು ತೆಗೀಬೇಡಿ ಅಮ್ಮ, ಆಮೇಲೆ ನಿಮಗೇ ತೊಂದರೆ.’ ಪಿನ್ ಗೊತ್ತಿದ್ದರೆ ತುಂಬಾ ಮನೆಗಳಲ್ಲಿ ತೆಗೆದುಬಿಡುತ್ತಾರೆ. ಬೇಡ ಅನ್ನಬೇಕಾದ ಕಡೆ ಬೇಡ ಅನ್ನಲೇಬೇಕು. ಪಾಪ ಅಂತ ನಿಯಮ ಸಡಿಲ ಮಾಡುವ ಕ್ಲರ್ಕ್ ಗ್ರಾಹಕರಿಗೂ ಒಳ್ಳೆಯದು ಮಾಡುವುದಿಲ್ಲ, ತನಗೂ ಮಾಡಿಕೊಳ್ಳುವುದಿಲ್ಲ.

ನವೆಂಬರ್ ಬಂದರೆ ಲೈಫ್ ಸರ್ಟಿಫಿಕೇಟ್ ಕ್ಯೂ, ಅಂದರೆ ಪಿಂಚಣಿದಾರರು ತಾವು ಬದುಕಿದ್ದೇವೆ ಅಂತ ದಾಖಲೆ ಕೊಡುವ ಸಾಲು. ಬೀಡಿ ಕಟ್ಟಿ, ಪಾತ್ರೆ ತಿಕ್ಕಿ, ಹೊಲದಲ್ಲಿ ದುಡಿದು ಸವೆದ ಬೆರಳನ್ನು ಮೆಷಿನ್ ಒಪ್ಪುವುದಿಲ್ಲ. ‘ಬರ್ತಾ ಇಲ್ಲ, ನಾಳೆ ಬನ್ನಿ’ ಅಂದರೆ ನಾಳೆ ಹೊಸ ಬೆರಳು ಬರುತ್ತದಾ? ಕೈ ತೊಳೆಸಿ, ಒರೆಸಿ, ಬೇರೆ ಬೆರಳು ಇಡಿಸಿ ನೋಡಬೇಕು. ಆಗದಿದ್ದರೆ ಮುಖ ತೋರಿಸಿ ಮಾಡುವ ವ್ಯವಸ್ಥೆ 2021ರಿಂದ ಇದೆ, ಮೊಬೈಲಿನಲ್ಲೇ ಆಗುತ್ತದೆ. ಎಂಬತ್ತು ದಾಟಿದ ಕೇಂದ್ರ ಸರ್ಕಾರದ ಪಿಂಚಣಿದಾರರು ಅಕ್ಟೋಬರ್ 1ರಿಂದಲೇ ಕೊಡಬಹುದು. ಇದನ್ನು ಸೆಪ್ಟೆಂಬರಿನಲ್ಲೇ ಒಂದು ಫೋನ್ ಮಾಡಿ ತಿಳಿಸುವ ಶಾಖೆಯಲ್ಲಿ ನವೆಂಬರಿನ ನೂಕುನುಗ್ಗಲು ತಾನಾಗಿಯೇ ಕಮ್ಮಿ ಆಗುತ್ತದೆ.

ಸೈಬರ್ ವಂಚನೆಗೆ ಸಿಕ್ಕವರ ವಿಷಯದಲ್ಲಿ ನಾನು ಸ್ವಲ್ಪ ಗಟ್ಟಿಯಾಗಿಯೇ ಮಾತಾಡುತ್ತೇನೆ. ‘ಓಟಿಪಿ ಯಾಕೆ ಕೊಟ್ರಿ?’ ಅನ್ನುವುದು ಮೊದಲ ಪ್ರಶ್ನೆ ಆಗಲೇಬಾರದು. ಮೊದಲು ಖಾತೆ ಬ್ಲಾಕ್, ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್. ಹೋದ ದುಡ್ಡು ಖಾತೆಯಿಂದ ಖಾತೆಗೆ ಓಡುತ್ತಿರುತ್ತದೆ. ಬೇಗ ತಿಳಿಸಿದಷ್ಟೂ ಅದನ್ನು ಎಲ್ಲೋ ಒಂದು ಕಡೆ ತಡೆಯುವ ಅವಕಾಶ ಹೆಚ್ಚು. ಬುದ್ಧಿ ಹೇಳುವುದು ಸಂಜೆಗೂ ಆಗುತ್ತದೆ.

ಇದನ್ನೆಲ್ಲ ಕೇಳಿದ ಮೇಲೆ ಹುಡುಗರು ಕೇಳುವ ಪ್ರಶ್ನೆ ಒಂದಿದೆ, ನ್ಯಾಯವಾದದ್ದೇ. ‘ಸರ್, ಒಬ್ಬರ ಜೊತೆ ಅರ್ಧ ಗಂಟೆ ಕೂತರೆ ಹಿಂದಿನ ಕ್ಯೂನವರು ಸುಮ್ನೆ ಇರ್ತಾರಾ?’ ಇರುವುದಿಲ್ಲ. ನಾನು ಹೇಳಿದ ಶಾಖೆಯಲ್ಲಿ ಆವತ್ತು ಮ್ಯಾನೇಜರೇ ಎದ್ದು ಬಂದು ಪಕ್ಕದ ಕೌಂಟರಿನಲ್ಲಿ ಕೂತು ಪಾಸ್‌ಬುಕ್ ಪ್ರಿಂಟ್ ಹಾಕಿಕೊಟ್ಟರು. ಅವರು ಕ್ಯಾಬಿನ್‌ನಲ್ಲೇ ಕೂತು ‘ಇವತ್ತು ಎಷ್ಟು ಪಾಲಿಸಿ ಆಯ್ತು?’ ಅಂತ ಕೇಳುತ್ತಿದ್ದರೆ ಆ ಹುಡುಗಿಯ ಒಳ್ಳೆಯತನ ಆರು ತಿಂಗಳೂ ಬಾಳುತ್ತಿರಲಿಲ್ಲ. ವಿಮೆ ಟಾರ್ಗೆಟ್ ಒಂದನ್ನೇ ಲೆಕ್ಕ ಇಟ್ಟು, ಗೋಡೆಗೆ ‘ಗ್ರಾಹಕನೇ ದೇವರು’ ಅಂತ ಬೋರ್ಡ್ ಹಾಕಿದರೆ ದೇವರೂ ನಂಬುವುದಿಲ್ಲ.

ನಮ್ಮ ಕರಾವಳಿಯ ಬ್ಯಾಂಕುಗಳು ಬೆಳೆದದ್ದೇ ಬೇರೆ ದಾರಿಯಲ್ಲಿ. 1928ರಲ್ಲಿ ಉಡುಪಿಯಲ್ಲಿ ಪಿಗ್ಮಿ ಠೇವಣಿ ಶುರುವಾದಾಗ ದಿನಕ್ಕೆ ಎರಡಾಣೆ ಕೊಡುವವರ ಬಾಗಿಲಿಗೆ ಬ್ಯಾಂಕೇ ಹೋಗುತ್ತಿತ್ತು. ಪಿಗ್ಮಿ ಕಲೆಕ್ಷನ್‌ಗೆ ಬರುವವರಿಗೆ ಅಂಗಡಿಯವನ ವ್ಯಾಪಾರ ಡಲ್ ಆಗಿದ್ದು ಕೇಳದೆಯೂ ಗೊತ್ತಾಗುತ್ತದೆ. ಈಗ ಮೂರು ವರ್ಷಕ್ಕೊಮ್ಮೆ ವರ್ಗಾವಣೆ. ಸಿಬ್ಬಂದಿಯಲ್ಲಿ ಹಲವರಿಗೆ ಕನ್ನಡವೂ ಹೊಸದು. ಕನ್ನಡ ಕಲಿಯಲೇಬೇಕು, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಒಡಿಶಾದಿಂದ ಬಂದ ಒಬ್ಬ ಹುಡುಗ ಮೊದಲ ವಾರ ಕಲಿತದ್ದು ‘ಕೂತ್ಕೊಳ್ಳಿ’, ‘ನೀರು ಬೇಕಾ’, ‘ನಾನು ಬರೆದು ಕೊಡ್ತೀನಿ’. ಊರಿನ ಜನ ಅವನ ವ್ಯಾಕರಣ ನೋಡಲಿಲ್ಲ.

ತರಬೇತಿಯ ಕೊನೆಯ ದಿನ ನಾನು ಸ್ಲೈಡ್ ತೋರಿಸುವುದಿಲ್ಲ. ಎಲ್ಲರ ಕೈಗೂ ಒಂದು ಖಾಲಿ ಡೆತ್ ಕ್ಲೇಮ್ ಫಾರ್ಮ್ ಕೊಟ್ಟು, ನಿಮ್ಮ ಮನೆಯವರ ಹೆಸರಿನಲ್ಲಿ ತುಂಬಿ ಅನ್ನುತ್ತೇನೆ. ಐದು ನಿಮಿಷ ಆಗುವುದರೊಳಗೆ ಯಾರಾದರೂ ಕೈ ಎತ್ತುತ್ತಾರೆ: ‘ಸರ್, ಈ ಕಾಲಂನಲ್ಲಿ ಏನು ಬರೀಬೇಕು?’