ಕೆಜಿಎಫ್ ಲೈನ್ ಮನೆಗಳು: ಗಣಿ ಮುಚ್ಚಿತು, ಮನೆ ಯಾರದು?

ಕೆಜಿಎಫ್, ಅಂದರೆ ಕೋಲಾರ ಚಿನ್ನದ ಗಣಿ ಊರಿನ ಸುದ್ದಿಯಲ್ಲಿ ಯಾವಾಗಲೂ ಚಿನ್ನದ ಮಾತೇ ಮೊದಲು ಬರುತ್ತದೆ. 2024ರ ಜೂನ್‌ನಲ್ಲೂ ಹಾಗೇ ಆಯಿತು. ಸುಮಾರು ಸಾವಿರ ಎಕರೆಯಲ್ಲಿರುವ 13 ಸೈನೈಡ್ ದಿಬ್ಬಗಳಿಂದ (ಚಿನ್ನ ಬೇರ್ಪಡಿಸಿದ ಮೇಲೆ ಸುರಿದ ಗಣಿ ಮಣ್ಣಿನ ರಾಶಿಗಳಿಂದ) ಅಳಿದುಳಿದ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ರಾಜ್ಯ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು. ಮತ್ತೆ ಟನ್, ಕೋಟಿಗಳ ಲೆಕ್ಕ ಶುರುವಾಯಿತು. ಆದರೆ ಗಣಿ ಕಾರ್ಮಿಕರ ಸಾಲು ಮನೆಗಳಲ್ಲಿ, ಅಂದರೆ ಲೈನ್‌ಗಳಲ್ಲಿ, ಇರುವವರ ಲೆಕ್ಕವೇ ಬೇರೆ. ತಾತನ ಕಾಲದಿಂದ ಇರುವ ಈ ಮನೆ ನಮ್ಮದಾ, ಕಂಪನಿದಾ, ಸರ್ಕಾರದ್ದಾ ಅನ್ನುವುದು ಅವರ ಪ್ರಶ್ನೆ. ಅದಕ್ಕೆ ಒಂದೇ ಮಾತಿನಲ್ಲಿ ಉತ್ತರ ಹೇಳಲು ಆಗುವುದಿಲ್ಲ. ಯಾಕೆ ಅಂತ ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

1880ರಲ್ಲಿ ಬ್ರಿಟಿಷ್ ಕಂಪನಿ ಜಾನ್ ಟೇಲರ್ ಅಂಡ್ ಸನ್ಸ್ ಬಂತು, 1956ರಲ್ಲಿ ಮೈಸೂರು ಸರ್ಕಾರ ಗಣಿಗಳನ್ನು ತನ್ನದಾಗಿಸಿಕೊಂಡಿತು, 1962ರಲ್ಲಿ ಅವು ಕೇಂದ್ರದ ಕೈಗೆ ಹೋದವು, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್ ಹುಟ್ಟಿತು, 2001ರ ಫೆಬ್ರುವರಿ 28ಕ್ಕೆ ಬೀಗ ಬಿತ್ತು. ಅಷ್ಟರೊಳಗೆ 800 ಟನ್‌ಗೂ ಜಾಸ್ತಿ ಚಿನ್ನ ಮೇಲೆ ಬಂದಿತ್ತು. ಗಣಿ 3 ಕಿಲೋಮೀಟರ್‌ಗೂ ಆಳಕ್ಕೆ ಇಳಿದಿತ್ತು.

ಈ ಕೆಲಸಕ್ಕೆ ಜನ ಬಂದದ್ದು ಹೆಚ್ಚಾಗಿ ಉತ್ತರ ಆರ್ಕಾಟ್, ಚಿತ್ತೂರು ಕಡೆಯಿಂದ. ಬಹಳಷ್ಟು ಮಂದಿ ದಲಿತರು. ಊರಲ್ಲಿ ಭೂಮಿ ಇಲ್ಲ, ಬಂದ ಜಾಗದಲ್ಲಿ ನೆಂಟರಿಲ್ಲ. ಬಂಗಾರಪೇಟೆಯಿಂದ ಮಾರಿಕುಪ್ಪಂಗೆ ರೈಲು ಹಾಕಿದ ಮೇಲೆ ಬರುವುದು ಸುಲಭವಾಯಿತು. ಗಣಿಗೆ ಇಳಿಯುವ ಬಾವಿಯ, ಅಂದರೆ ಶಾಫ್ಟ್ ಹತ್ತಿರವೇ ಜನ ಬೇಕಾಗಿದ್ದರಿಂದ ಕಂಪನಿಗಳೇ ವಸತಿ ಮಾಡಿಕೊಟ್ಟವು. ಮೊದಮೊದಲು ಇದ್ದದ್ದು ತಟ್ಟಿ ಮನೆ. ಅಂದರೆ ಬಿದಿರಿನ ತಟ್ಟಿಯ ಗೋಡೆ, ತಲೆ ತಗ್ಗಿಸಿ ಒಳಗೆ ಹೋಗಬೇಕು. ಅದೇ ಹೊತ್ತಿಗೆ ಅಧಿಕಾರಿಗಳ ಕಡೆ ಬಂಗಲೆ, ಕ್ಲಬ್ಬು, ಗಾಲ್ಫ್ ಮೈದಾನ ಇದ್ದವು. 1902ರಲ್ಲಿ ಶಿವನಸಮುದ್ರದಿಂದ ನೂರೈವತ್ತು ಕಿಲೋಮೀಟರಿನಷ್ಟು ದೂರ ತಂತಿ ಎಳೆದು ಕರೆಂಟು ತಂದರು. ಎಲ್ಲರೂ ಹೆಮ್ಮೆಯಿಂದ ಹೇಳಿಕೊಳ್ಳುವ ಸಂಗತಿ ಇದು. ಆ ಕರೆಂಟು ಬಂದದ್ದು ಗಣಿಯ ಯಂತ್ರಗಳಿಗೆ ಅನ್ನುವುದನ್ನು ಮಾತ್ರ ಹೇಳುವವರು ಕಡಿಮೆ.

ಆಮೇಲೆ ತಟ್ಟಿ ಹೋಗಿ ಗೋಡೆಯ ಮನೆಗಳು ಬಂದವು, ಆದರೆ ಲೈನ್‌ನ ಲೆಕ್ಕಾಚಾರ ಬದಲಾಗಲಿಲ್ಲ. ಒಂದು ಕೋಣೆ, ಮುಂದೆ ಸಣ್ಣ ಜಗಲಿ, ಅಡುಗೆಯೂ ಅಲ್ಲೇ. ಪಕ್ಕದ ಮನೆಗೂ ನಿಮಗೂ ಒಂದೇ ಗೋಡೆ. ಅಲ್ಲಿ ಜಗಳವಾದರೆ ಇಲ್ಲಿ ಕೇಳಿಸುತ್ತದೆ, ಮೀನು ಹುರಿದರೆ ಗೊತ್ತಾಗುತ್ತದೆ. ನೀರು ಬೀದಿ ನಲ್ಲಿಯಲ್ಲಿ. ಬೇತಮಂಗಲದಿಂದ ಬರುವ ನೀರಿಗೆ ಬಿಂದಿಗೆಗಳ ಸಾಲು. ರಾತ್ರಿ ಪಾಳಿ ಮುಗಿಸಿ ಬಂದವನು ಹಗಲು ಮಲಗಬೇಕು, ಮಕ್ಕಳು ಹೊರಗೆ. ಒಂದು ಬಾಗಿಲಲ್ಲಿ ತಮಿಳು, ಇನ್ನೊಂದರಲ್ಲಿ ತೆಲುಗು, ಅಂಗಡಿಗೆ ಹೋದರೆ ಕನ್ನಡ. ನೆಲದಡಿ ಬಂಡೆ ಸಿಡಿದರೆ ಮೇಲೆ ಗೋಡೆ ಬಿರುಕು ಬಿಡುತ್ತಿತ್ತು. ಇದಕ್ಕೆ ಏರ್ ಬ್ಲಾಸ್ಟ್ ಅನ್ನುತ್ತಿದ್ದರು. ಅದು ಆಯಿತು ಅಂದರೆ ಹೆಂಗಸರು ಮೊದಲು ಯೋಚಿಸುತ್ತಿದ್ದದ್ದು ಮನೆ ಬಗ್ಗೆ ಅಲ್ಲ, ಕೆಳಗೆ ಯಾವ ಪಾಳಿಯಲ್ಲಿ ಯಾರಿದ್ದಾರೆ ಅಂತ.

ಕಕ್ಕಸಿನ ವಿಷಯ ಹೇಳದೆ ಲೈನ್‌ಗಳ ಕಥೆ ಹೇಳಿದರೆ ಅದು ಅರ್ಧ ಕಥೆ. ಸಾಲು ಮನೆಗಳಿಗೆ ಸಾಲು ಕಕ್ಕಸು, ಅದೂ ಒಣ ಕಕ್ಕಸು. ದಿನಾ ಬೆಳಗ್ಗೆ ಯಾರೋ ಕೈಯಿಂದ ಬಳಿದು ಹೊರಬೇಕು. ಆ ಕೆಲಸ ಮಾಡುತ್ತಿದ್ದ ಕುಟುಂಬಗಳ ಕಾಲೊನಿ ಬೇರೆ, ಮಕ್ಕಳಿಗೆ ಕಾದಿದ್ದ ಕೆಲಸವೂ ಅದೇ. 1966ರಲ್ಲಿ ಅಂಥ ಒಂದು ಮನೆಯಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ ಮುಂದೆ ಸಫಾಯಿ ಕರ್ಮಚಾರಿ ಆಂದೋಲನ ಕಟ್ಟಿದವರಲ್ಲಿ ಒಬ್ಬರಾದರು, 2016ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದರು. ಒಣ ಕಕ್ಕಸು ನಿಷೇಧಿಸುವ ಕಾಯ್ದೆ ಬಂದದ್ದು 1993ರಲ್ಲಿ. ಕಾಯ್ದೆ ಬಂದ ಮೇಲೂ ಕೆಜಿಎಫ್‌ನಲ್ಲಿ ಅದು ತಕ್ಷಣ ನಿಲ್ಲಲಿಲ್ಲ. ದೇಶಕ್ಕೆ ಅಷ್ಟು ಚಿನ್ನ ಕೊಟ್ಟ ಊರಿಗೆ ನೀರು ಹಾಯುವ ಕಕ್ಕಸು ಕಟ್ಟಿಸುವುದು ಅಷ್ಟು ಕಷ್ಟವಾಗಿತ್ತಾ? ಕೇಳಿದರೆ ಕಂಪನಿ, ನಗರಸಭೆ, ಸರ್ಕಾರ, ಎಲ್ಲರ ಬಳಿಯೂ ತಮ್ಮ ಪಾಲಿಗಿಂತ ಇನ್ನೊಬ್ಬರ ಪಾಲಿನ ವಿವರವೇ ಜಾಸ್ತಿ ಇರುತ್ತದೆ.

ಮನೆಯ ಗಂಟು ಬಿಗಿಯಾದದ್ದು ಗಣಿ ಮುಚ್ಚಿದಾಗ. ಅಲ್ಲಿವರೆಗೆ ನಿಯಮ ಸರಳವಾಗಿತ್ತು: ಕೆಲಸ ಇದ್ದಷ್ಟು ದಿನ ಮನೆ. ಅಪ್ಪ ನಿವೃತ್ತನಾಗುವ ಹೊತ್ತಿಗೆ ಮಗ ಗಣಿಗೆ ಸೇರಿದರೆ ಮನೆ ಉಳಿಯುತ್ತಿತ್ತು. 2001ರಲ್ಲಿ ಎಲ್ಲರ ಕೆಲಸವೂ ಒಂದೇ ದಿನ ಹೋಯಿತು. ಪರಿಹಾರದ ಪ್ಯಾಕೇಜು, ಬಾಕಿ ಹಣ, ಕೋರ್ಟು ಅಂತ ವರ್ಷಗಳು ಕಳೆದವು. ಮನೆಗಳನ್ನು ಮಾಜಿ ನೌಕರರಿಗೇ ಕೊಡಬೇಕು ಅನ್ನುವ ಮಾತು ಎದ್ದಿತು. ಆದರೆ ನೆಲವನ್ನು ಹಿಂದೆ ಗುತ್ತಿಗೆಗೆ ಕೊಟ್ಟದ್ದು ಮೈಸೂರು ಸಂಸ್ಥಾನ, ಮನೆ ಕಟ್ಟಿದ್ದು ಕಂಪನಿ, ಕಂಪನಿ ಇರುವುದು ಕೇಂದ್ರದ ಕೆಳಗೆ, ಬೀದಿ ಇರುವುದು ನಗರಸಭೆಯಲ್ಲಿ. ಇಷ್ಟು ಜನ ಒಂದೇ ಮೇಜಿನ ಮುಂದೆ ಕೂರಬೇಕು. ಒಬ್ಬರು ಕೂತರೆ ಇನ್ನೊಬ್ಬರು ಎದ್ದು ಹೋಗುತ್ತಾರೆ.

ಜನ ಮಾತ್ರ ಕಾಯುತ್ತಾ ಕೂರಲಿಲ್ಲ. ಜಗಲಿ ಮುಚ್ಚಿ ಕೋಣೆ ಮಾಡಿಕೊಂಡರು, ಮುಂದಿನ ಖಾಲಿ ಜಾಗಕ್ಕೆ ಶೀಟು ಹಾಕಿದರು, ಕೈಲಾದವರು ಸ್ವಂತ ಕಕ್ಕಸು ಕಟ್ಟಿಸಿದರು. ನಸುಕಿನಲ್ಲೇ ಎದ್ದು ಮಾರಿಕುಪ್ಪಂ, ಚಾಂಪಿಯನ್, ಉರಿಗಾಂ, ಕೋರಮಂಡಲ್ ಸ್ಟೇಷನ್ನುಗಳಲ್ಲಿ ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಹೋಗುತ್ತಾರೆ, ಕತ್ತಲಾದ ಮೇಲೆ ಬರುತ್ತಾರೆ. ಬೆಂಗಳೂರಲ್ಲೇ ಇರಬಹುದಲ್ವಾ ಅಂದರೆ ಅಲ್ಲಿನ ಬಾಡಿಗೆ ಕೇಳಿ ನೋಡಿ. ಖಾತೆ ಇಲ್ಲದಿದ್ದರೂ ಲೈನ್ ಮನೆಯೇ ಅವರ ಸಂಸಾರವನ್ನು ನಡೆಸುತ್ತಿರುವುದು. ಬೇಸಿಗೆಯಲ್ಲಿ ಗಾಳಿ ಎದ್ದರೆ ದಿಬ್ಬದ ಧೂಳು ನೇರ ಒಳಗೆ ಬರುತ್ತದೆ, ಬಾಗಿಲು ಹಾಕಿಕೊಳ್ಳುತ್ತಾರೆ ಅಷ್ಟೇ.

1930ರಲ್ಲಿ ಇದೇ ಗಣಿಗಳ ಕಾರ್ಮಿಕರು ಕೆಲಸ ನಿಲ್ಲಿಸಿ ಮುಷ್ಕರ ಮಾಡಿದ್ದರು. ಎಲ್ಲರ ಬೆರಳಚ್ಚು ತೆಗೆದು ನೋಂದಣಿ ಮಾಡಿಕೊಳ್ಳಲು ಹೊರಟದ್ದಕ್ಕೆ ಸಿಟ್ಟು. ಹೆಸರು ಕಂಪನಿಯ ಪುಸ್ತಕಕ್ಕೆ ಸೇರಿದರೆ ಕುತ್ತಿಗೆಗೆ ಹಗ್ಗ ಬಿತ್ತು ಅಂತ ಹೆದರಿದ್ದರು, ಕೊನೆಗೆ ಕಂಪನಿಯವರೇ ಹಿಂದೆ ಸರಿದರು. ಈಗ ಮೊಮ್ಮಕ್ಕಳಿಗೆ ಅದೇ ಪುಸ್ತಕದಲ್ಲಿ ಹೆಸರು ಸಿಗಬೇಕು. ಮನೆ ಯಾರ ಹೆಸರಿಗೆ ಕೊಟ್ಟಿದ್ದು, ಅವರ ವಾರಸುದಾರರು ಯಾರು ಅನ್ನುವುದು ಅಲ್ಲಿಂದಲೇ ಶುರುವಾಗುತ್ತದೆ. ಕಾಯಂ ನೌಕರರ ಮಕ್ಕಳಾದರೆ ಹುಡುಕಿದರೆ ಏನಾದರೂ ಒಂದು ಚೀಟಿ ಸಿಗಬಹುದು. ಗಣಿಯಲ್ಲಿ ಗುತ್ತಿಗೆದಾರರ ಕೈಕೆಳಗೆ ದುಡಿದವರು ಶುರುವಿನಿಂದಲೂ ಬಹಳ ಮಂದಿ ಇದ್ದರು, ಆ ಮನೆಗಳವರ ಹತ್ತಿರ ಚೀಟಿಯೂ ಇಲ್ಲ. ಬಾಡಿಗೆಗೆ ಬಂದು ಅಲ್ಲೇ ಉಳಿದವರೂ ಇದ್ದಾರೆ. ಹಕ್ಕುಪತ್ರದ ಪಟ್ಟಿ ಯಾರೇ ತಯಾರಿಸಲಿ, ಇವರನ್ನು ಯಾವ ಕಾಲಮ್ಮಿಗೆ ಹಾಕಬೇಕು ಅಂತ ಮೊದಲು ತೀರ್ಮಾನಿಸಬೇಕಾಗುತ್ತದೆ.