ರೇಸ್ ಟ್ರ್ಯಾಕ್ ಉತ್ತಿದ್ದಕ್ಕೆ ಯುದ್ಧನೇ ಆಗೋಯ್ತಾ?

ಪ್ರಶ್ನೆ: 1879ರಲ್ಲಿ ಅಮೆರಿಕದ ಕೊಲೊರಾಡೊದಲ್ಲಿ ಯೂಟ್ ಅನ್ನೋ ಮೂಲನಿವಾಸಿ ಜನ ಅವರ ಸರ್ಕಾರಿ ಏಜೆಂಟನ್ನ ಕೊಂದ್ರಂತೆ, ಅದೂ ಕುದುರೆ ರೇಸ್ ವಿಷಯಕ್ಕೆ. ನಿಜಾನಾ?

ಅರ್ಧ ನಿಜ. ಏಜೆಂಟ್ ಹೆಸ್ರು ನೇಥನ್ ಮೀಕರ್. ಮುಂಚೆ ಪತ್ರಕರ್ತ, ಆಮೇಲೆ ಗ್ರೀಲಿ ಅಂತ ಒಂದು ಊರನ್ನೇ ಕಟ್ಟಿದವನು, 1878ರಲ್ಲಿ ವೈಟ್ ರಿವರ್ ಏಜೆನ್ಸಿಗೆ, ಅಂದ್ರೆ ಅಲ್ಲಿನ ಯೂಟ್‌ಗಳನ್ನ ನೋಡ್ಕೊಳ್ಳೋ ಸರ್ಕಾರಿ ಕಚೇರಿಗೆ ಬಂದ. ಏಜೆಂಟ್ ಅಂದ್ರೆ ಬರೀ ಗುಮಾಸ್ತ ಅಲ್ಲ, ರೇಷನ್ ಹಂಚೋದು ಅವನ ಕೈಲೇ ಇತ್ತು, ಹೊಲದಲ್ಲಿ ಕೆಲಸ ಮಾಡದೇ ಇದ್ರೆ ರೇಷನ್ ಇಲ್ಲ ಅಂತ ಹೆದರಿಸೋದೂ ಅವನೇ.

ಯೂಟ್‌ಗಳಲ್ಲಿ ಗಂಡಸರದ್ದು ಬೇಟೆ, ಹೆಂಗಸರದ್ದು ಗೆಡ್ಡೆಗೆಣಸು, ಹಣ್ಣು ಕೂಡಿಡೋದು, ಚರ್ಮ ಹದ ಮಾಡೋದು. ನೇಗಿಲು ಹಿಡಿ ಅಂದ್ರೆ ಯಾವ ಗಂಡಸು ಒಪ್ತಾನೆ? ಇನ್ನು ಕುದುರೆ ಅಂದ್ರೆ ಅವರ ಆಸ್ತಿ, ಮರ್ಯಾದೆ ಎಲ್ಲಾ ಅದೇ, ರೇಸ್ ಇದ್ರೆ ಜನ ಸೇರ್ತಿದ್ರು, ಬಾಜಿ ಕಟ್ತಿದ್ರು. ಮೀಕರ್ ಕಣ್ಣಿಗೆ ಅದು ಬರೀ ಸೋಮಾರಿತನ. ಕುದುರೆ ಜಾಸ್ತಿ ಆಯ್ತು, ಒಂದಷ್ಟು ಕೊಂದ್ಹಾಕಿ ಅಂತ ಬೇರೆ ಹೇಳಿದ್ನಂತೆ!

ಪೊವೆಲ್ ಪಾರ್ಕ್ ಅನ್ನೋ ಬಯಲು ಅವರ ಕುದುರೆಗಳು ಮೇಯೋ ಜಾಗ, ಒಂಥರಾ ಗೋಮಾಳ, ರೇಸ್ ಟ್ರ್ಯಾಕೂ ಅಲ್ಲೇ. ಮೀಕರ್ ಏಜೆನ್ಸಿನ ಅಲ್ಲಿಗೇ ತಂದು 1879ರ ಸೆಪ್ಟೆಂಬರಲ್ಲಿ ಅದನ್ನ ಉಳೋಕೆ ಹೇಳ್ದ. ಉಳೋನ ಕಡೆಗೆ ಗುಂಡು ಹಾರಿಸಿ ನಿಲ್ಸಿದ್ರು. ಜಾನ್ಸನ್ ಅಂತ ಕರೀತಿದ್ದ ಯೂಟ್ ವೈದ್ಯ ಜಗಳಕ್ಕೆ ಬಂದು ಮೀಕರನ್ನ ಅವನ ಮನೆಯಿಂದಲೇ ಹೊರಗೆ ದಬ್ಬಿದ, ಅಷ್ಟಕ್ಕೇ ಈತ ಸೈನ್ಯ ಕಳ್ಸಿ ಅಂತ ಬರ್ದ.

ನನ್ ಪ್ರಕಾರ ಕೆಟ್ಟಿದ್ದು ಇಲ್ಲೇ. ಯೂಟ್‌ಗಳು ಕೇಳಿದ್ದು ಇಷ್ಟೇ, ಸೈನ್ಯ ಹೊರಗೇ ಇರ್ಲಿ, ಅಧಿಕಾರಿ ಐದು ಜನರ ಜೊತೆ ಮಾತಿಗೆ ಬರ್ಲಿ. ಆ ಅಧಿಕಾರಿ ಮೇಜರ್ ಥಾರ್ನ್‌ಬರ್ಗ್ ಸೈನ್ಯದ ಸಮೇತ ಯೂಟ್ ಜಾಗದ ಗಡಿಯಾದ ಮಿಲ್ಕ್ ಕ್ರೀಕ್ ಹೊಳೆ ದಾಟ್ದ, ಸೆಪ್ಟೆಂಬರ್ 29ಕ್ಕೆ ಕಾಳಗ ಆಗಿ ಸತ್ತ. ಅದೇ ದಿನ ಇತ್ತ ಏಜೆನ್ಸಿಯಲ್ಲಿ ಮೀಕರ್, ಅವನ ಹತ್ತು ಜನ ಕೆಲಸಗಾರರೂ ಯೂಟ್‌ಗಳ ಕೈಲಿ ಸತ್ರು. ಅವನ ಹೆಂಡ್ತಿ, ಮಗಳು, ಇನ್ನೊಬ್ಬ ಹೆಂಗಸು, ಅವಳ ಎರಡು ಮಕ್ಕಳು 23 ದಿನ ಸೆರೆಯಲ್ಲಿದ್ರು. ಅವರನ್ನ ಬಿಡಿ ಅಂತ ಗಂಡಸರ ಸಭೆಯಲ್ಲಿ ವಾದ ಮಾಡಿದವಳು ಯಾರ್ ಗೊತ್ತಾ, ಮೀಕರನ್ನ ದಬ್ಬಿದ ಅದೇ ಜಾನ್ಸನ್ ಹೆಂಡ್ತಿ, ಬೇರೊಂದು ಯೂಟ್ ಗುಂಪಿನ ಮುಖ್ಯಸ್ಥ ಉರೇಯ ತಂಗಿ.

1881ರಲ್ಲಿ ವೈಟ್ ರಿವರ್ ಯೂಟ್‌ಗಳನ್ನ ಯೂಟಾಗೆ ಅಟ್ಟಿದ್ರು. ಈ ಗಲಾಟೆಗೆ ಸಂಬಂಧಾನೇ ಇಲ್ದ ಉರೇಯ ಜನರನ್ನೂ ಬಂದೂಕು ಹಿಡ್ಕೊಂಡೇ ಅಲ್ಲಿಗೇ ಕಳ್ಸಿದ್ರು.